ಹಿಮದ ಇಳಿಜಾರಿಗೆ ಇಳಿಯುವ ಮುನ್ನ

ಹಿಮಕುಸಿತಕ್ಕೆ ಸ್ಕೀ ಆಟಗಾರರು ಸಿಲುಕಿದರು ಎಂದು ಓದಿದಾಗ, ಹಿಮ ತಾನಾಗಿ ಬಂದು ಮೈಮೇಲೆ ಬಿತ್ತೇನೋ ಅನಿಸುತ್ತದೆ. ಆದರೆ ಬಹುಪಾಲು ಸಲ ಅದು ಜಾರುವುದು ಸಿಲುಕಿದವರ ಅಥವಾ ಅವರ ಜೊತೆಗಾರರ ಭಾರಕ್ಕೇ. ಹಾಗಾಗಿ ತಪ್ಪಿಸಿಕೊಳ್ಳುವುದೂ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಹೊರಡುವ ಮುಂಚೆ ಆ ದಿನದ ಹಿಮಕುಸಿತದ ಮುನ್ಸೂಚನೆ ಓದಿ. ಅಪಾಯಕ್ಕೆ 5 ಹಂತಗಳಿವೆ. 3ನೆಯದನ್ನು ‘ನಡುವಿನದು, ಪರವಾಗಿಲ್ಲ’ ಎಂದು ತಿಳಿಯಬೇಡಿ. ಸಾವುಗಳಲ್ಲಿ ದೊಡ್ಡ ಪಾಲು ಆ ಹಂತದ ದಿನಗಳದ್ದು.

ಸ್ಥಳದಲ್ಲಿ ಮೊದಲು ಇಳಿಜಾರಿನ ಕೋನ ಅಳೆಯಿರಿ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ, ಕೋನ ತೋರಿಸುವ ಆ್ಯಪ್ ಇರುವ ಮೊಬೈಲನ್ನು ಅದರ ಮೇಲಿಟ್ಟರೆ ಸಾಕು. ಹಲಗೆಯಂತೆ ಕಿತ್ತುಬರುವ ಹಿಮ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯ ನಡುವೆ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಅಂಥ ಇಳಿಜಾರಿದ್ದರೆ ಅದೂ ಅಪಾಯವೇ.

ಕಣ್ಣು ಕಿವಿ ತೆರೆದಿರಲಿ. ಹತ್ತಿರದಲ್ಲೇ ಹೊಸದಾಗಿ ಕುಸಿದ ಗುರುತು, ಸ್ಕೀ ತುದಿಯಿಂದ ಓಡುವ ಬಿರುಕು, ಕಾಲಡಿ ಹಿಮ ‘ಧುಮ್’ ಎಂದು ಕುಗ್ಗುವ ಸದ್ದು: ಇವುಗಳಲ್ಲಿ ಒಂದು ಕಂಡರೂ ಕಡಿದಾದ ಜಾಗ ಬಿಟ್ಟುಬಿಡಿ. ಗಾಳಿ ಹಿಮವನ್ನು ಹೊತ್ತು ತಂದು ಮರೆಯ ಬದಿಯಲ್ಲಿ ಸುರಿಯುತ್ತದೆ, ಅಲ್ಲಿ ಇನ್ನಷ್ಟು ಜಾಗ್ರತೆ ಬೇಕು.

ಇನ್ನು ಒಳಗಿನ ಪದರಗಳನ್ನು ನೋಡಲು ಹಿಮದಲ್ಲಿ ಗುಂಡಿ ತೋಡುವ ಕೆಲಸ. ಗೋಡೆಯನ್ನು ನೇರವಾಗಿ ಕೊರೆದು ಮೇಲಿಂದ ಕೆಳಕ್ಕೆ ಮುಷ್ಟಿ, ಬೆರಳು, ಪೆನ್ಸಿಲ್ ಒತ್ತುತ್ತ ಬನ್ನಿ. ಗಟ್ಟಿ ಪದರದ ಕೆಳಗೆ ಬೆರಳು ಸಲೀಸಾಗಿ ಹೊಕ್ಕು, ಸಕ್ಕರೆಯಂಥ ಹರಳು ಪುಳಪುಳನೆ ಉದುರಿತೇ? ಅದೇ ದುರ್ಬಲ ಪದರ, ಮೇಲಿನ ಹಿಮ ಜಾರುವುದು ಅದರ ಮೇಲೆಯೇ. ಈಗ 90 ಸೆಂ.ಮೀ. ಅಗಲ, ಇಳಿಜಾರಿನ ಒಳಕ್ಕೆ 30 ಸೆಂ.ಮೀ. ಇರುವ ಕಂಬವೊಂದನ್ನು ಸುತ್ತಲಿನ ಹಿಮದಿಂದ ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯಿಟ್ಟು ತಟ್ಟಿ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10. ಬಿರುಕು ಒಮ್ಮೆಲೇ ಇನ್ನೊಂದು ತುದಿಗೆ ಓಡಿದರೆ ಹಿಂದಿರುಗಿ.

ಓಡದಿದ್ದರೆ? ಇಲ್ಲಿಯೇ ಜನ ಎಡವುವುದು. ಐವತ್ತು ಮೀಟರ್ ಆಚೆ ಪದರವೇ ಬೇರೆ ಇರಬಹುದು. ಗುಂಡಿ ‘ಬೇಡ’ ಎಂದರೆ ನಂಬಿ, ‘ಹೋಗು’ ಎಂದರೆ ನಂಬಬೇಡಿ. ಅನುಮಾನವಿದ್ದರೆ 30 ಡಿಗ್ರಿಗಿಂತ ಕಡಿಮೆ ಇರುವ, ಮೇಲೆಯೂ ಕಡಿದಿಲ್ಲದ ಜಾಗ ಹುಡುಕಿ.

ಕಡಿದಾದ ಜಾಗದಲ್ಲಿ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಲಿ. ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು-ಹದಿನೈದು ನಿಮಿಷದ ನಂತರ ವೇಗವಾಗಿ ಕುಸಿಯುತ್ತದೆ. ಅಷ್ಟರೊಳಗೆ ಹೊರಗಿನ ನೆರವು ಬರುವುದು ಅಪರೂಪ, ಜೊತೆಗಾರರೇ ಅಗೆಯಬೇಕು. ಆದ್ದರಿಂದ ಪ್ರತಿಯೊಬ್ಬರ ಬಳಿಯೂ ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಇರಲಿ. ಹೊರಡುವಾಗ ಒಬ್ಬರು ನಿಂತು, ಒಬ್ಬೊಬ್ಬರೇ ಎದುರು ಹಾದುಹೋಗುವಾಗ ಅವರ ಟ್ರಾನ್ಸೀವರ್ ಸಂಕೇತ ತಮ್ಮದರಲ್ಲಿ ಕೇಳಿಸಿತೇ ಎಂದು ನೋಡಲಿ. ಕೇಳಿಸದಿದ್ದರೆ ಅದು ಸರಿಯಾಗುವವರೆಗೆ ಯಾರೂ ಹೊರಡಬೇಡಿ.