ಕೈಕೊಡುವುದಕ್ಕೂ ಕೈಹಿಡಿಯುವುದಕ್ಕೂ ವ್ಯತ್ಯಾಸ ಬಲ್ಲವರು ಇಂಗ್ಲಿಷಿನ ಫ್ರೇಸಲ್ ವರ್ಬ್ ಕಲಿಯುವ ಬಗೆ

'ಈ ಸಲ ಮಳೆ ಕೈಕೊಟ್ಟಿತು' ಎಂಬ ಮಾತನ್ನು ಕೇಳಿದಾಗ ಕನ್ನಡಿಗರಾರೂ ಕೈಯನ್ನೂ ನೆನೆಯುವುದಿಲ್ಲ, ಕೊಡುವುದನ್ನೂ ನೆನೆಯುವುದಿಲ್ಲ. ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು, ಕೈಗೂಡು ಎಂಬ ಐದೂ ಮಾತುಗಳಲ್ಲಿ ಕೈ ಒಂದೇ ಆದರೂ ಅರ್ಥಗಳು ಬೇರೆ ಬೇರೆ. ನಾವು ಅವನ್ನು ಬಿಡಿಸಿ ಕಲಿತವರಲ್ಲ, ಇಡಿಯಾಗಿ ಕೇಳಿ ಕಲಿತವರು. ಇಂಗ್ಲಿಷಿನ ಪುಟ್ ಆಫ್, ಪುಟ್ ಔಟ್, ಪುಟ್ ಆನ್, ಪುಟ್ ಅಪ್ ವಿತ್ ಎಂಬ ಫ್ರೇಸಲ್ ವರ್ಬ್‌ಗಳೂ, ಅಂದರೆ ಬಾಲದಂತೆ ಸಣ್ಣ ಪದಗಳು ಅಂಟಿಕೊಂಡ ಕ್ರಿಯಾಪದಗಳೂ, ಇದೇ ಜಾತಿಗೆ ಸೇರಿದವು. ಮುಂದೂಡು, ನಂದಿಸು, ತೊಟ್ಟುಕೊ, ತಾಳಿಕೊ ಎಂಬ ಅವುಗಳ ಅರ್ಥಗಳನ್ನು 'ಪುಟ್' ಎಂದರೆ 'ಇಡು' ಎಂಬಲ್ಲಿಂದ ಹೊರಟು ತಲುಪಲು ಯತ್ನಿಸುವವರು ದಾರಿ ತಪ್ಪುವುದೇ ಹೆಚ್ಚು.

ಶಾಲೆಯಲ್ಲಿ ಚೆನ್ನಾಗಿ ಇಂಗ್ಲಿಷ್ ಓದಿದವರೂ ಮಾತಿನಲ್ಲಿ ತಡವರಿಸುವುದಕ್ಕೆ ಒಂದು ಕಾರಣವಿದೆ. ಪಠ್ಯಪುಸ್ತಕ ನಮಗೆ ಕಲಿಸಿದ್ದು ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್ ಮುಂತಾದ ಲ್ಯಾಟಿನ್ ಮೂಲದ ಪದಗಳನ್ನು. ಮನೆಮಾತಿನ ಇಂಗ್ಲಿಷಿನಲ್ಲಿ ಆ ಜಾಗಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮೇಲೆ ಹೇಳಿದ ಸಣ್ಣ ಪದಗಳ ಜೋಡಿಗಳು. ಅಡುಗೆಮನೆಯಲ್ಲಿ ನಿಂತು 'ದೀಪವನ್ನು ನಂದಿಸು' ಎಂದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಮನೆಯವರು ಒಮ್ಮೆ ತಿರುಗಿ ನೋಡುತ್ತಾರೆ. ಪತ್ರದಲ್ಲಿ ಸಲ್ಲುವ ಪೋಸ್ಟ್‌ಪೋನ್ ಗೆಳೆಯರ ನಡುವಿನ ಮಾತಿಗೆ ಬಂದಾಗಲೂ ಅಷ್ಟೇ, ತಪ್ಪಲ್ಲದಿದ್ದರೂ ಸ್ವಲ್ಪ ಬಿಗಿಯಾಗಿ ಕೇಳುತ್ತದೆ.

ಕಲಿಯಲು ಹೊರಟವರು ಮೊದಲು ಮಾಡಬೇಕಾದ ಕೆಲಸವೆಂದರೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಅದರ ಪುಟಗಳನ್ನು ಗೆಟ್, ಪುಟ್, ಟೇಕ್ ಎಂಬ ಕ್ರಿಯಾಪದಗಳ ಹೆಸರಿನಲ್ಲಿ ಹಂಚದೆ, ಅಪ್, ಆಫ್, ಔಟ್, ಆನ್ ಎಂಬ ಬಾಲಗಳ ಹೆಸರಿನಲ್ಲಿ ಹಂಚುವುದು. ಈ ಬಾಲಗಳಿಗೆ ತಮ್ಮದೇ ಒಂದು ಒಲವಿದೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್ ಎಂಬಲ್ಲಿನ 'ಅಪ್' ಕೆಲಸ ಪೂರ್ತಿಯಾಯಿತೆಂದು ಸಾರುತ್ತದೆ. ತಿಂದುಬಿಡು, ಕುಡಿದುಬಿಡು ಎಂಬಲ್ಲಿ ನಮ್ಮ 'ಬಿಡು' ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ಕ್ಯಾರಿ ಆನ್, ಗೋ ಆನ್ ಎಂಬಲ್ಲಿನ 'ಆನ್' ಓದುತ್ತ ಹೋಗು, ಹೇಳುತ್ತ ಹೋಗು ಎಂಬಲ್ಲಿನ 'ಹೋಗು'ವಿನಂತೆ ಕೆಲಸವನ್ನು ಮುಂದಕ್ಕೆ ನಡೆಸುತ್ತದೆ. ಸೆಟ್ ಆಫ್, ಸೀ ಆಫ್, ಟೇಕ್ ಆಫ್ ಎಂಬಲ್ಲಿನ 'ಆಫ್' ಒಂದೆಡೆಯಿಂದ ಬಿಟ್ಟು ಹೊರಡುವುದನ್ನು ಹೇಳಿದರೆ, ರನ್ ಔಟ್, ವೇರ್ ಔಟ್ ಎಂಬಲ್ಲಿನ 'ಔಟ್' ಬರಿದಾಗುವುದನ್ನೂ ಸವೆಯುವುದನ್ನೂ ಹೇಳುತ್ತದೆ. ಎಲ್ಲವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು: ಮಕ್ಕಳನ್ನು ಸಾಕಿ ಬೆಳೆಸುವ ಬ್ರಿಂಗ್ ಅಪ್, ಪ್ರಯತ್ನ ಕೈಬಿಡುವ ಗಿವ್ ಅಪ್ ಇವುಗಳನ್ನು ಬೇರೊಂದು ಪುಟದಲ್ಲಿ ಬರೆದು ಬಾಯಿಪಾಠ ಮಾಡುವುದೇ ಸರಿ.

ಬರೆಯುವಾಗ ಅರ್ಥವನ್ನು ಮಾತ್ರ ಬರೆದುಕೊಂಡರೆ ಪ್ರಯೋಜನ ಕಡಿಮೆ. ನಿಮ್ಮ ಮನೆಯಲ್ಲಿ ನಿಜವಾಗಿ ಆಡುವ ಒಂದು ವಾಕ್ಯವೇ ಅಲ್ಲಿರಬೇಕು. ಹಾಲು ಮುಗಿದ ದಿನ ನಮ್ಮಲ್ಲಿ ಬಹಳ ಮಂದಿ 'ಮಿಲ್ಕ್ ಈಸ್ ಓವರ್' ಎನ್ನುತ್ತಾರೆ. ಅದರ ಬದಲು 'ವೀ ಹ್ಯಾವ್ ರನ್ ಔಟ್ ಆಫ್ ಮಿಲ್ಕ್' ಎಂದು ಬರೆದು, ಮೂರು ದಿನ ಅದನ್ನೇ ಹೇಳಿದರೆ ಆ ಜೋಡಿ ನಾಲಗೆಗೆ ಹತ್ತುತ್ತದೆ. ವಾರಕ್ಕೆ ಐದು ಸಾಕು. ಒಂದೇ ದಿನ ಐವತ್ತನ್ನು ಉರು ಹೊಡೆದವರಿಗೆ ಮಾರನೆಯ ದಿನ ಎಲ್ಲ ಬಾಲಗಳೂ ಕಲಸಿಹೋಗಿರುತ್ತವೆ.

ಪದಗಳ ಜಾಗದ ವಿಷಯದಲ್ಲಿ ಎಚ್ಚರ ಬೇಕು. 'ಟರ್ನ್ ಆಫ್ ದ ಫ್ಯಾನ್' ಎಂದರೂ 'ಟರ್ನ್ ದ ಫ್ಯಾನ್ ಆಫ್' ಎಂದರೂ ಸರಿ, ಆದರೆ ಫ್ಯಾನಿನ ಬದಲು 'ಇಟ್' ಎಂಬ ಸರ್ವನಾಮ ಬಂದಾಗ ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ಎಂಬುದು ತಪ್ಪು. ಇದಕ್ಕೆ ವಿರುದ್ಧವಾಗಿ ಲುಕ್ ಆಫ್ಟರ್, ಲುಕ್ ಇಂಟು, ಗೆಟ್ ಓವರ್ ಮೊದಲಾದವು ತಮ್ಮ ನಡುವೆ ಏನನ್ನೂ ಬಿಟ್ಟುಕೊಳ್ಳುವುದಿಲ್ಲ. ಯಾವುದು ಯಾವ ಗುಂಪಿನದೆಂದು ತಿಳಿಯಲು ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್‌ನವರು ಕಲಿಯುವವರಿಗಾಗಿ ಮಾಡಿರುವ ನಿಘಂಟುಗಳ ಉದಾಹರಣೆ ವಾಕ್ಯಗಳನ್ನು ನೋಡಿದರೆ ಸಾಕು.

ಓದಿ ಗುರುತಿಸಬಲ್ಲವರೂ ಕಿವಿಯಲ್ಲಿ ಸೋಲುತ್ತಾರೆ. 'ಚೆಕ್ ಇಟ್ ಔಟ್' ಎಂಬುದು ಆಡುವವರ ಬಾಯಲ್ಲಿ ಸಂಧಿಯಾಗಿ 'ಚೆಕಿಟೌಟ್' ಎಂದೂ, ಅಮೆರಿಕದವರ ಬಾಯಲ್ಲಿ ಹೆಚ್ಚುಕಡಿಮೆ 'ಚೆಕಿಡೌಟ್' ಎಂದೂ ಆಗುತ್ತದೆ. ಒತ್ತು ಸಾಮಾನ್ಯವಾಗಿ ಬಾಲದ ಮೇಲೆ ಬೀಳುತ್ತದೆ. ಬ್ರೇಕ್ ಡೌನ್ ಎಂಬುದು ಕ್ರಿಯಾಪದವಾದಾಗ 'ಡೌನ್' ಮೇಲೂ, ನಾಮಪದವಾದಾಗ 'ಬ್ರೇಕ್' ಮೇಲೂ ಒತ್ತು ಬರುತ್ತದೆ. ಬರಹದ ಸಾಲುಗಳೊಂದಿಗೆ ಒಂದು ಸಂಭಾಷಣೆಯನ್ನು ಕೇಳಿ, ಮತ್ತೆ ಸಾಲುಗಳಿಲ್ಲದೆ ಅದನ್ನೇ ಕೇಳುವ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು.

ನುಡಿಗಟ್ಟುಗಳ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಜಿಪುಣತನದ್ದು. ಕೇಳಿದರೆ ತಿಳಿಯುವಷ್ಟನ್ನು ಧಾರಾಳವಾಗಿ ಕಲಿಯಿರಿ, ಆಡುವುದಕ್ಕೆ ಕೆಲವನ್ನೇ ಆರಿಸಿಕೊಳ್ಳಿ. ನಾಯಿ ಬೆಕ್ಕುಗಳನ್ನು ಸುರಿಸುವ ಮಳೆಯ ನುಡಿಗಟ್ಟು ನಮ್ಮ ಗೈಡುಗಳಲ್ಲಿ ಇನ್ನೂ ಮೊದಲ ಪುಟದಲ್ಲಿದೆ. ಇಂದಿನ ಮಾತಿನಲ್ಲಿ ಅದು ಹಳತಾಗಿ ಕೇಳುತ್ತದೆ. ಮೈ ಸರಿಯಿಲ್ಲದಾಗ 'ಅಂಡರ್ ದ ವೆದರ್', ಕೆಲಸ ಸುಲಭವಾದಾಗ 'ಎ ಪೀಸ್ ಆಫ್ ಕೇಕ್' ಇಂದಿಗೂ ಸಲ್ಲುತ್ತವೆ. 'ಕಪ್ ಆಫ್ ಟೀ' ಎಂಬುದನ್ನು ಹೆಚ್ಚಾಗಿ 'ಅಲ್ಲ' ಎನ್ನುವಾಗ, ನನಗೆ ಹಿಡಿಸುವಂಥದ್ದಲ್ಲ ಎಂಬ ಅರ್ಥದಲ್ಲಿ 'ನಾಟ್ ಮೈ ಕಪ್ ಆಫ್ ಟೀ' ಎಂದೇ ಬಳಸುತ್ತಾರೆ.

ನಮ್ಮಲ್ಲೇ ಅರ್ಥ ಬದಲಾದ ಕೆಲವು ಜೋಡಿಗಳನ್ನು ಪ್ರತ್ಯೇಕವಾಗಿ ಗುರುತು ಹಾಕಿಟ್ಟುಕೊಳ್ಳಬೇಕು. 'ಫಿಲ್ ಅಪ್ ದ ಫಾರ್ಮ್' ಎಂದು ನಾವು ಹೇಳುವುದನ್ನು ಬ್ರಿಟನ್ನಿನವರು ಫಿಲ್ ಇನ್ ಎಂದೂ ಅಮೆರಿಕದವರು ಫಿಲ್ ಔಟ್ ಎಂದೂ ಹೇಳುತ್ತಾರೆ. 'ವೇರ್ ಆರ್ ಯು ಪುಟ್ ಅಪ್' ಎಂದು ಕೇಳುವ ಬದಲು 'ವೇರ್ ಆರ್ ಯು ಸ್ಟೇಯಿಂಗ್' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇನ್ನು ಪಾಸ್ ಔಟ್. ಕಾಲೇಜು ಮುಗಿಸಿದೆ ಎಂಬ ಅರ್ಥದಲ್ಲಿ 'ಐ ಪಾಸ್ಡ್ ಔಟ್ ಇನ್ 2015' ಎಂದು ವಿದೇಶದ ಸಂದರ್ಶನವೊಂದರಲ್ಲಿ ಹೇಳಿದರೆ, ಎದುರು ಕುಳಿತವರು 2015ರಲ್ಲಿ ನೀವು ಮೂರ್ಛೆ ಹೋಗಿದ್ದಿರೆಂದು ತಿಳಿಯುವ ಸಂಭವವಿದೆ.