ಮಳೆಗಾಲ ದಾಟಿದ ಜಬಲಾ

ಕಾರವಾರಕ್ಕೆ ಬಂದ ಮೊದಲ ವರ್ಷ ಮಗಳ ನೆನಪಿನ ಸಾಮಾನನ್ನೆಲ್ಲ ಕಬ್ಬಿಣದ ಟ್ರಂಕಿಗೆ ತುಂಬಿ ಅಟ್ಟಕ್ಕೇರಿಸಿದ್ದೆ. ಮೊದಲು ತೊಡಿಸಿದ ಜಬಲಾ, ಅಜ್ಜಿ ಹೊಲಿದ ಕೌದಿ, ಬೆಳ್ಳಿ ಗೆಜ್ಜೆ, ಅವಳು ಹೊಟ್ಟೆಯಲ್ಲಿದ್ದಾಗಿನ ಸ್ಕ್ಯಾನ್ ಚಿತ್ರ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ್ದೆ. ದೀಪಾವಳಿಗೆ ತೆಗೆದು ನೋಡಿದರೆ ಕೌದಿ ತುಂಬ ಬೂಷ್ಟು. ಉಪ್ಪುಗಾಳಿಗೆ ಟ್ರಂಕು ತುಕ್ಕು ಹಿಡಿದಿತ್ತು. ಗೆಜ್ಜೆಗೆ ಸುತ್ತಿದ್ದ ರಬ್ಬರ್ ಬ್ಯಾಂಡಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗಿತ್ತು. ಅಳುವೇ ಬಂತು.

ಆಮೇಲೆ ಅರ್ಥವಾಯಿತು. ಬಟ್ಟೆ ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವ ಇತ್ತು. ಅದನ್ನೇ ಚೀಲದೊಳಗೆ ಕೂಡಿಹಾಕಿದ್ದೆ.

ಈಗ ನಾನು ಕಟ್ಟಿಡುವುದು ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ಮಾತ್ರ. ಬಟ್ಟೆ ಒಗೆದು, ಗಂಜಿ ಹಾಕದೆ ಒಣಗಿಸುತ್ತೇನೆ. ಗಂಜಿ ಇದ್ದರೆ ಬೆಳ್ಳಿಹುಳ ತಿನ್ನಲು ಬರುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಮುಚ್ಚಳಕ್ಕೆ ರಬ್ಬರ್ ಸುತ್ತಿರುವ ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕಿತ್ತಳೆ ಬಣ್ಣದ ಹರಳು ತೇವ ಹೀರಿದರೆ ಹಸಿರಾಗುತ್ತದೆ. ಆಗ ಹರಳನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ತಾಸು ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಡಬ್ಬಿ ಅಟ್ಟಕ್ಕಲ್ಲ, ಒಳಗಿನ ಗೋಡೆಯ ಕಪಾಟಿಗೆ. ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಿ ಏನೂ ಇಡಬೇಡಿ.

ಸ್ಕ್ಯಾನ್ ಚಿತ್ರ ಇದ್ದವರು ಇವತ್ತೇ ಅದರ ಫೋಟೋ ತೆಗೆದುಕೊಳ್ಳಿ. ಅದು ಅಂಗಡಿ ಬಿಲ್ಲಿನಂಥ ಥರ್ಮಲ್ ಕಾಗದ, ಬಿಸಿಗೂ ಬೆಳಕಿಗೂ ಹಾಳಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದರಂತೂ ಆ ಬಿಸಿಗೇ ಕಪ್ಪಾಗಿಬಿಡುತ್ತದೆ. ನನ್ನದು ಅರ್ಧ ಮಾಸಿಹೋದ ಮೇಲೆ ನನಗೆ ತಿಳಿಯಿತು.

ಟ್ಯಾಗೋರ್ ಕಡಲತೀರದಲ್ಲಿ ಮಗಳು ಹೆಕ್ಕಿದ ಚಿಪ್ಪುಗಳದ್ದು ಬೇರೆ ಕಥೆ. ಸುಮ್ನೆ ಒರೆಸಿಟ್ಟರೆ ಸಾಲದು. ಉಪ್ಪು ಉಳಿದರೆ ಅದೇ ತೇವ ಎಳೆಯುತ್ತದೆ, ಅಲ್ವಾ? ಸಿಹಿನೀರಲ್ಲಿ ನೆನೆಸಿ, ನಾಲ್ಕೈದು ದಿನ ನೀರು ಬದಲಿಸಿ ಒಣಗಿಸುತ್ತೇನೆ.

ಮಗಳು ಬರೆದ ಚಿತ್ರದ ಹಾಳೆಗಳೇ ಜಾಸ್ತಿ. ಎಲ್ಲದರ ಫೋಟೋ ತೆಗೆದು, ವರ್ಷಕ್ಕೆ ಹತ್ತು ಮಾತ್ರ ಇಡುತ್ತೇವೆ. ಹಿಂದೆ ಪೆನ್ಸಿಲಲ್ಲಿ ತಾರೀಕು. ಮಧ್ಯೆ ಬಿಳಿ ಹಾಳೆ. ನ್ಯೂಸ್ ಪೇಪರ್ ಸುತ್ತಿದರೆ ಅದರ ಆಮ್ಲಕ್ಕೆ ಚಿತ್ರವೂ ಹಳದಿಯಾಗುತ್ತದೆ.

ಪ್ರತಿ ದೀಪಾವಳಿಗೆ ಡಬ್ಬಿ ತೆರೆದು ಗಾಳಿಗೆ ಹರಡುತ್ತೇವೆ. ಯಾವ ಹತ್ತು ಅಂತ ಆರಿಸುವವಳು ಮಗಳೇ. ನನಗೆ ಇಷ್ಟವಾದ ನವಿಲನ್ನು ಈ ಸಲ ಹೊರಗಿಟ್ಟಳು. ಗೆರೆಯಷ್ಟೇ ಇರುವ ಒಂದು ದೋಣಿ ಇರಲಿ ಅಂದಳು. ಅಜ್ಜ ಕೈ ಹಿಡಿದು ಬರೆಸಿದ್ದು ಅದು.