ಹಳೇ ಬೆಂಜ್‌ನಲ್ಲಿ ಮೊದಲು ಸಾಯುವುದು ರಬ್ಬರ್

ನನ್ನ ಹತ್ತಿರ ಇರುವುದು 1996ರ ಮರ್ಸಿಡಿಸ್ ಇ250ಡಿ, ಡಬ್ಲ್ಯೂ124 ಅಂತ ಕರೆಯುವ ಮಾಡೆಲ್. 1995ರಲ್ಲಿ ಪುಣೆಯಲ್ಲಿ ಬೆಂಜ್ ಕಾರು ತಯಾರಾಗಲು ಶುರುವಾಗಿದ್ದೇ ಈ ಮಾಡೆಲ್‌ನಿಂದ. ಐದು ಸಿಲಿಂಡರ್, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್. ಜಯನಗರದ ನಮ್ಮ ಮನೆಯ ಪೋರ್ಟಿಕೋದಲ್ಲೇ ಇದರ ಬಹುಪಾಲು ಕೆಲಸ ಮಾಡಿಕೊಳ್ಳುತ್ತೇನೆ.

ನೋಡಿದವರೆಲ್ಲ ಎಂಜಿನ್ ಹೇಗಿದೆ ಅಂತ ಕೇಳುತ್ತಾರೆ. ಎಂಜಿನ್ ಗಟ್ಟಿ ಇದೆ. ವಯಸ್ಸಾಗುವುದು ರಬ್ಬರಿಗೆ. ಕಾರು ಓಡಲಿ, ಶೆಡ್‌ನಲ್ಲಿ ಸುಮ್ನೆ ನಿಂತಿರಲಿ, ರಬ್ಬರ್ ಒಣಗುತ್ತದೆ, ಬಿರುಕು ಬಿಡುತ್ತದೆ. ಹಾಗಾಗಿ 'ಕಿಲೋಮೀಟರ್ ಕಡಿಮೆ ಓಡಿದೆ ಸಾರ್' ಅನ್ನುವ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ನನ್ನ ಕಾರಿನದೇ ಉದಾಹರಣೆ. ಬೆಳಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ಒಮ್ಮೆ ಸ್ಟಾರ್ಟ್ ಆದರೆ ಸಂಜೆಯವರೆಗೆ ತಕರಾರಿಲ್ಲ. ಡೀಸೆಲ್ ಪಂಪ್ ಬಿಚ್ಚಬೇಕು ಅಂತ ಒಬ್ಬ ಮೆಕ್ಯಾನಿಕ್ ಹೇಳಿದರು. ಅದು ದೊಡ್ಡ ಖರ್ಚು. ಅದಕ್ಕೆ ಮೊದಲು ಹೀಟರ್ ಪ್ಲಗ್‌ಗಳಿಗೆ, ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಪ್ಲಗ್‌ಗಳಿಗೆ, ಮಲ್ಟಿಮೀಟರ್ ಇಟ್ಟೆ. ಒಳ್ಳೆಯ ಪ್ಲಗ್ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ, ಸುಟ್ಟಿದ್ದರೆ ಓಪನ್ (ಕರೆಂಟ್ ದಾರಿ ಕಡಿದಿದೆ) ಅಂತ ತೋರಿಸುತ್ತದೆ. ಎಲ್ಲವೂ ಸರಿ ಇದ್ದವು.

ಈ ಎಂಜಿನ್‌ನಲ್ಲಿ ಡೀಸೆಲ್ ಹೋಗುವ ಸಣ್ಣ ಪೈಪುಗಳು ಪಾರದರ್ಶಕ ಪ್ಲಾಸ್ಟಿಕ್‌ನವು. ಟಾರ್ಚ್ ಹಿಡಿದು ನೋಡಿದರೆ ಒಳಗೆ ಗಾಳಿಯ ಗುಳ್ಳೆಗಳು ಓಡುವುದು ಕಾಣುತ್ತಿತ್ತು. ಪೈಪಿನ ತುದಿಗಳಲ್ಲಿ ಓ-ರಿಂಗ್ ಅನ್ನುವ ಪುಟ್ಟ ರಬ್ಬರ್ ಬಳೆಗಳಿವೆ. ಅವು ಗಟ್ಟಿಯಾದರೆ ಗಾಳಿ ಒಳಗೆ ನುಗ್ಗುತ್ತದೆ, ರಾತ್ರಿಯಿಡೀ ಡೀಸೆಲ್ ಟ್ಯಾಂಕಿನ ಕಡೆ ಇಳಿದುಬಿಡುತ್ತದೆ. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ. ಯಾಕೆಂದರೆ ಅದು ಪಂಪ್ ಡೀಸೆಲ್ ಎಳೆದುಕೊಳ್ಳುವ ಬದಿ, ಅಲ್ಲಿ ಸಂದಿಯಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಕಾಣದ್ದರಿಂದಲೇ ಎಷ್ಟೋ ಜನ ಪಂಪಿನ ಮೇಲೆ ಅನುಮಾನ ಪಡುತ್ತಾರೆ. ಡೀಸೆಲ್ ತಡೆಯುವ ವಿಟಾನ್ ರಿಂಗ್‌ಗಳನ್ನು ಹಾಕಿದೆ. ಫಿಲ್ಟರ್ ಬದಲಿಸಿ, ಅದಕ್ಕೆ ಡೀಸೆಲ್ ತುಂಬಿಸಿಯೇ ತಿರುಗಿಸಿ ಕೂರಿಸಿದೆ. ಮರುದಿನ ಬೆಳಗ್ಗೆ ಕೀಲಿ ತಿರುಗಿಸಿದ್ದೇ ತಡ, ಸ್ಟಾರ್ಟ್. ಆ ಖುಷಿ ದುಡ್ಡು ಕೊಟ್ಟು ಮಾಡಿಸಿದ ಕೆಲಸದಲ್ಲಿ ನನಗೆ ಸಿಕ್ಕಿಲ್ಲ.

ಸಾಮಾನಿಗೆ ಜೆ.ಸಿ. ರಸ್ತೆಗೆ ಹೋಗುತ್ತೇನೆ. ಹಳೇ ಪೀಸ್ ಕೈಯಲ್ಲಿರಬೇಕು, ಅದರ ಮೇಲಿನ ನಂಬರ್ ಬರೆದುಕೊಂಡಿರಬೇಕು. ಬೆಂಜ್ ಹೆಸರಿನ ಡಬ್ಬಿಯಲ್ಲಿ ಬರುವ ಸಾಮಾನೇ ಬೇಕು ಅಂತ ಹಟ ಮಾಡುವುದಿಲ್ಲ. ಲೆಮ್‌ಫೋರ್ಡರ್, ಸ್ಯಾಕ್ಸ್, ಬಾಷ್ ಕಂಪನಿಗಳ ಸಾಮಾನು ಸಿಕ್ಕರೆ ಧಾರಾಳವಾಗಿ ಹಾಕುತ್ತೇನೆ. ಹೆಸರಿಲ್ಲದ ರಬ್ಬರ್ ಮಾತ್ರ ಬೇಡವೇ ಬೇಡ.

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗಿದರೆ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರುವ ರಬ್ಬರ್ ಆಸರೆಗಳನ್ನು ನೋಡಿ. ಕ್ಲಚ್ ಬಿಟ್ಟಾಗ ಕೆಳಗಿನಿಂದ 'ದಡ್' ಅಂತ ಸದ್ದು ಬಂದರೆ, ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕ್ ನೋಡಿ. ಗೇರ್‌ಬಾಕ್ಸ್ ಹತ್ತಿರ ಒಂದು, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಹತ್ತಿರ ಒಂದು ಇರುತ್ತದೆ. ಬಿಚ್ಚುವ ಮೊದಲು ಶಾಫ್ಟಿಗೆ ಪೇಂಟ್‌ನಲ್ಲಿ ಗುರುತು ಹಾಕಿ, ಮತ್ತೆ ಅದೇ ಜಾಗಕ್ಕೆ ಕೂರಬೇಕು. ಕಾರಿನ ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ. ಗಟ್ಟಿ ನೆಲ, ಒಳ್ಳೆಯ ಸ್ಟ್ಯಾಂಡ್ ಎರಡೂ ಬೇಕು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಉಪ್ಪು ಕಟ್ಟುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಕಾರಿನ ಮುಂಭಾಗದ ಸಸ್ಪೆನ್ಷನ್ ಸ್ಪ್ರಿಂಗ್ ಕೆಲಸವನ್ನು ಮಾತ್ರ ಮನೆಯಲ್ಲಿ ಮುಟ್ಟುವುದಿಲ್ಲ. ಅದನ್ನು ಒತ್ತಿ ಹಿಡಿಯಲು ಬೇರೆಯೇ ಟೂಲ್ ಬೇಕು, ಜಾರಿದರೆ ಜೀವಕ್ಕೇ ಅಪಾಯ. ಗ್ಯಾರೇಜಿಗೆ ಕೊಟ್ಟಾಗ ಒಂದು ವಿಷಯಕ್ಕೆ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ. ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮಿನ ಬುಷ್‌ನ (ರಬ್ಬರ್ ತೋಳಿನ) ಬೋಲ್ಟನ್ನು ಕಾರು ಮೇಲೆತ್ತಿದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಕೂತು, ಕಾರಿನ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಹೊಸ ಬುಷ್ ತಿರುಚಿಕೊಂಡೇ ಇದ್ದು, ಬೇಗ ಹರಿದುಹೋಗುತ್ತದೆ.